ಹೂಮಳೆಗೆ ಮುಂಚೆ ಒಂದು ಚೊಂಬು ನೀರು

ನಮ್ಮಮ್ಮ ಒಂದು ದೊಡ್ಡ ಇನ್‌ಸ್ಟಂಟ್ ಕಾಫಿ ಕಂಪನಿಗೆ ಭಾರಿ ಬೇಕಾದ ಗಿರಾಕಿಯಂತೆ. ಇದು ಗೊತ್ತಾಗಿದ್ದು ಮೊನ್ನೆ, ಬೆಂಗಳೂರಲ್ಲಿ ಆ ಕಂಪನಿಯ ಆಡ್ ನೋಡ್ಕೊಳ್ಳೋ ಅಕ್ಕನ ಮಗ ಚಿಕ್ಕಮಗಳೂರಿಗೆ ಬಂದಾಗ. ಅಮ್ಮ ಹುಟ್ಟಿದಾಗಿಂದ ಕುಡಿದಿರೋದು ತೋಟದ ಕಾಫಿನೇ, ಪೇಟೇಲಿ ಪುಡಿ ಮಾಡಿಸ್ಕೊಂಡು ಬಂದಾಗ ಚಿಕೋರಿ ಒಂಚೂರು ಜಾಸ್ತಿ ಬಿದ್ದಿದ್ರೂ ಮೊದಲ ಗುಟುಕಲ್ಲೇ ಹಿಡಿದು ನನ್ನನ್ನ ವಾಪಸ್ ಓಡಿಸೋ ಪೈಕಿ.

ಆಗಿದ್ದಿಷ್ಟೇ. ಫೋನಲ್ಲಿ ಯಾರದೋ ಮದುವೆ ಫೋಟೋ ನೋಡ್ತಾ ಇದ್ದಾಗ ಮಧ್ಯ ಆ ಕಾಫಿ ಆಡ್ ಬಂತು, ತೆಗೆಯೋಣ ಅಂತ ಮೂಲೇಲಿ ಸಾಸಿವೆ ಕಾಳಿನಷ್ಟಿರೋ ಇಂಟು ಮಾರ್ಕ್ ಒತ್ತಕ್ಕೆ ಹೋದ್ರೆ ಹೆಬ್ಬೆರಳು ಆಡ್ ಮೇಲೇ ಬಿತ್ತು, ಕಂಪನಿ ಪೇಜ್ ಓಪನ್ ಆಯ್ತು, ಅಮ್ಮ ಕನ್ನಡಕ ಹುಡುಕಿ ತರೋವರೆಗೂ ಅದು ಹಂಗೇ ತೆರೆದಿತ್ತು. ಇದಕ್ಕೆ ಅವರ ಭಾಷೇಲಿ ಎಂಗೇಜ್ಮೆಂಟ್ ಅಂತಾರಂತೆ. ಅವತ್ತಿಂದ ಆ ಕಾಫಿ ಅಮ್ಮನ ಬೆನ್ನು ಬಿಟ್ಟಿಲ್ಲ.

"ಮಾಮ, ಮಲೆನಾಡಲ್ಲಿ ನಮ್ಮ ರೀಚ್ ಸೂಪರ್" ಅಂದ. ರೀಚ್ ಅಂದ್ರೆ ಏನು ಮಾರಾಯ ಅಂದೆ. ಸ್ಕ್ರೀನ್ ಮೇಲೆ ಬಂದು ಹೋದ್ರೆ ಸಾಕಂತೆ, ತಲುಪಿದ ಲೆಕ್ಕ. ಹಂಗಾದ್ರೆ ಬಸ್ಸಲ್ಲಿ ಕಡೂರು ದಾಟಿದೋರೆಲ್ಲ ಕಡೂರಿನ ಅಳಿಯಂದಿರೇ ಬಿಡು.

ಈ ಲೆಕ್ಕದೋರ ಕಥೆ ಹಳೇದು. 2016ರಲ್ಲಿ ಫೇಸ್‌ಬುಕ್ಕೇ ಒಪ್ಕೊಳ್ತು, ಎರಡು ವರ್ಷದಿಂದ ವಿಡಿಯೋ ನೋಡೋ ಸರಾಸರಿ ಟೈಮನ್ನ ಜಾಸ್ತಿ ತೋರಿಸಿಬಿಟ್ಟಿದ್ವಿ ಅಂತ, ಯಾಕಂದ್ರೆ 3 ಸೆಕೆಂಡ್ ಆಗೋ ಮುಂಚೆ ಎದ್ದು ಹೋದೋರನ್ನ ಸರಾಸರಿಗೇ ಸೇರಿಸಿರ್ಲಿಲ್ಲ. ಫೇಲಾದ ಹುಡುಗ್ರನ್ನ ಬಿಟ್ಟು ಕ್ಲಾಸಿನ ಸರಾಸರಿ ತೆಗೆದಂಗೆ. ಮುಂದಿನ ವರ್ಷ ಇನ್ನೂ ಚೆಂದ: ಅಮೆರಿಕದ 18ರಿಂದ 24 ವಯಸ್ಸಿನ 4 ಕೋಟಿ 10 ಲಕ್ಷ ಜನಕ್ಕೆ ನಿಮ್ಮ ಆಡ್ ತೋರಿಸಬಹುದು ಅಂತ ಅವರ ಸಿಸ್ಟಂ ಹೇಳ್ತಿತ್ತು, ಆ ದೇಶದ ಜನಗಣತಿ ಪ್ರಕಾರ ಆ ವಯಸ್ಸಿನೋರು ಇದ್ದಿದ್ದೇ 3 ಕೋಟಿ 10 ಲಕ್ಷ! ನಮ್ಮ ವೋಟರ್ ಲಿಸ್ಟಲ್ಲಿ ಸತ್ತೋರಾದ್ರೂ ಇರ್ತಾರೆ, ಇವರದ್ರಲ್ಲಿ ಹುಟ್ಟದೇ ಇರೋರು.

ಸರಿ, ಇಷ್ಟೆಲ್ಲ ಆಗಿ ಸೇಲ್ಸ್ ಆಗುತ್ತಾ? ಆಡ್ ಹಾಕಿದ ವಾರ ಸೇಲ್ಸ್ ಚೆನ್ನಾಗೇ ಇತ್ತು ಮಾಮ ಅಂತ ಗ್ರಾಫ್ ತೋರಿಸಿದ. ತಿರುಗಿಸಿ ತಿರುಗಿಸಿ ನೋಡಿದ ಅಮ್ಮ ಅಂದ್ರು, "ಹೂಮಳೆ ಬರೋ ಹಿಂದಿನ ದಿನ ಹೋಗಿ ಗಿಡಕ್ಕೊಂದು ಚೊಂಬು ನೀರು ಹಾಕಿ, ತೋಟ ಪೂರ್ತಿ ಹೂವಾಗಿದ್ದು ನನ್ನ ಚೊಂಬಿಂದ ಅಂದಂಗಾಯ್ತಲ್ಲೋ." ಹೂಮಳೆ ಅಂದ್ರೆ ಕಾಫಿ ಗಿಡ ಹೂ ಬಿಡಕ್ಕೆ ಕಾಯೋ ಬೇಸಿಗೆ ಮಳೆ.

ಚೊಂಬು ಕೆಳಗಿಟ್ಟು ನೋಡಿದೋರೂ ಇದಾರೆ. ಟೈಡ್, ಜಿಲೆಟ್, ವಿಕ್ಸ್ ಮಾರೋ ಪಿ ಅಂಡ್ ಜಿ 2017ರ ಏಪ್ರಿಲ್‌ನಿಂದ ಜೂನ್‌ವರೆಗೆ ಡಿಜಿಟಲ್ ಜಾಹೀರಾತಲ್ಲಿ 10 ಕೋಟಿ ಡಾಲರ್‌ಗೂ ಜಾಸ್ತಿ ಕಟ್ ಮಾಡ್ತು, ಸೇಲ್ಸ್ ಮೇಲೆ ಅಂಥ ಎಫೆಕ್ಟೇ ಕಾಣ್ಲಿಲ್ಲ ಅಂತ ಅವರೇ ಹೇಳಿದ್ರು. ಅದಕ್ಕೂ ಮುಂಚೆ ಇದೇ ಕಂಪನಿ ಫೇಸ್‌ಬುಕ್ಕಲ್ಲಿ ಫೆಬ್ರೀಜ್ ಅನ್ನೋ ಸುವಾಸನೆ ಸ್ಪ್ರೇನ ನಾಯಿ ಬೆಕ್ಕು ಸಾಕಿರೋರು, ದೊಡ್ಡ ಸಂಸಾರದೋರು ಅಂತ ಹುಡುಕಿ ಹುಡುಕಿ ತೋರಿಸಿದಾಗ ಸೇಲ್ಸ್ ಅಲ್ಲಾಡ್ಲಿಲ್ಲ, 18 ದಾಟಿದೋರಿಗೆಲ್ಲ ತೋರಿಸಿದ ಮೇಲೆ ಏರ್ತು. ಗುರಿ ಇಟ್ಟು ಹೊಡೆಯೋದೇ ಇದರ ವಿದ್ಯೆ ಅಂತ ದುಡ್ಡು ಇಸ್ಕೊಂಡಿದ್ದಲ್ವಾ ಇವರು?

ಪೂರ್ತಿ ದಂಡ ಅಂತಾನೂ ಅನ್ನಕ್ಕಾಗಲ್ಲ. ನಮ್ಮ ಪಕ್ಕದ ಹೊಸ ಹೋಂಸ್ಟೇಯೋರು ಫೇಸ್‌ಬುಕ್ಕಿಗೆ ಐನೂರು ರೂಪಾಯಿ ಕಟ್ಟಿ ತಮ್ಮ ಪೋಸ್ಟ್ ಬೂಸ್ಟ್ ಮಾಡಿದ್ರೆ, ಅಂದ್ರೆ ಜಾಸ್ತಿ ಜನಕ್ಕೆ ಕಾಣೋ ಹಂಗೆ ಮಾಡಿದ್ರೆ, ಶನಿವಾರ ಎರಡು ಕಾರು ಬಂದು ನಿಲ್ತವೆ. ಅದು ಸಸಿ, ಚೊಂಬು ನೀರು ಬೇಕು. ಆದ್ರೆ ಅಂಗಡಿ ಅಂಗಡೀಲಿ ಸ್ಯಾಷೆ ತೂಗಾಡ್ತಿರೋ ಕಾಫಿಗೆ?

"ಒಂದು ತಿಂಗಳು ನಿಲ್ಲಿಸಿ ನೋಡ್ರೋ" ಅಂದೆ.

"ನಿಲ್ಲಿಸಿ ಸೇಲ್ಸ್ ಬಿದ್ರೆ ನನ್ನ ಕೆಲಸ ಹೋಗುತ್ತೆ ಮಾಮ. ಬೀಳ್ದೇ ಇದ್ರೂ ಹೋಗುತ್ತೆ."

ಹೊರಡೋ ಹೊತ್ತಿಗೆ ಅಮ್ಮ ಫೋನ್ ಕೊಟ್ಟು, ಈ ದರಿದ್ರ ತೆಗೆದು ಹೋಗು ಅಂದ್ರು. ಒತ್ತಿದ. ಈ ಜಾಹೀರಾತು ಯಾಕೆ ಬೇಡ ಅಂತ ಕಾರಣಗಳ ಪಟ್ಟಿ ಬಂತು, ಅದ್ರಲ್ಲಿ 'ನಮ್ಮ ತೋಟದಲ್ಲೇ ಇದೆ' ಅನ್ನೋದು ಇರ್ಲಿಲ್ಲ. ಯಾವ್ದೋ ಒಂದು ಒತ್ತಿ, ಅಮ್ಮ ಕೊಟ್ಟ ಅರ್ಧ ಕೆಜಿ ಪುಡಿ ಬ್ಯಾಗಿಗೆ ಹಾಕ್ಕೊಂಡು ಬೆಂಗಳೂರು ಬಸ್ ಹತ್ತಿದ.