ಜೆರುಸಲೇಮಿನ ಬೀಗ, ಏಣಿ, ಕುರ್ಚಿ

ಜೆರುಸಲೇಮಿಗೆ ಹೋಗಿ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. "ಮೂರು ಧರ್ಮದವರು ಎಷ್ಟು ಚೆನ್ನಾಗಿ ಒಟ್ಟಿಗಿದ್ದಾರೆ ನೋಡಿ" ಅಂತ ಕೆಲವರು. "ಅಯ್ಯೋ, ದೇವರ ಹೆಸರಲ್ಲಿ ಬರೀ ಜಗಳ ಮಾರಾಯ್ರೆ" ಅಂತ ಉಳಿದವರು. 2019ರಲ್ಲಿ ಗೆಳತಿ ಮತ್ತು ಅವಳ ಅಮ್ಮನ ಜೊತೆ ಮಂಗಳೂರಿನ ಯಾತ್ರೆಯ ಗುಂಪಿಗೆ ಸೇರಿಕೊಂಡು ನಾನೂ ಹೋಗಿ ಬಂದೆ. ಎರಡು ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಪ್ರೀತಿ ಅಷ್ಟೇನೂ ಕಾಣಲಿಲ್ಲ. ಆದರೂ ಊರು ನಡೆಯುತ್ತಿದೆ. ಯಾರ ಬಾಗಿಲನ್ನು ಯಾರು ತೆಗೆಯಬೇಕು, ಯಾವ ದೀಪಕ್ಕೆ ಯಾರು ಎಣ್ಣೆ ಹಾಕಬೇಕು ಎನ್ನುವ ಹಳೇ ಕಟ್ಟುಪಾಡುಗಳ ಮೇಲೆ ನಡೆಯುತ್ತಿದೆ.

ಹಳೇ ಊರು ಒಂದು ಚದರ ಕಿಲೋಮೀಟರಿಗೂ ಕಡಿಮೆ. 16ನೇ ಶತಮಾನದಲ್ಲಿ ಸುಲ್ತಾನ ಸುಲೇಮಾನ ಕಟ್ಟಿಸಿದ ಕೋಟೆಗೋಡೆಯೊಳಗೆ ಮುಸ್ಲಿಂ, ಕ್ರೈಸ್ತ, ಯಹೂದಿ, ಅರ್ಮೇನಿಯನ್ ಅಂತ ನಾಲ್ಕು ಕೇರಿಗಳು. ಮಸಾಲೆ ಅಂಗಡಿ, ಎಳ್ಳಿನ ಬ್ರೆಡ್ಡಿನ ತಳ್ಳುಗಾಡಿ, ನಡುವೆ ಶಿಲುಬೆ ಹಾದಿಯ ಪ್ರಾರ್ಥನೆ ಹಾಡುತ್ತಾ ಹೋಗುವ ಗುಂಪು. ಅಂಗಡಿಯವರು ತಲೆ ಎತ್ತಿಯೂ ನೋಡುವುದಿಲ್ಲ. ಅವರಿಗೆ ಅದು ದಿನದ ಟ್ರಾಫಿಕ್ ಅಷ್ಟೇ.

ನನ್ನ ತಲೆಯಲ್ಲಿ ಉಳಿದದ್ದು ಯೇಸುವಿನ ಸಮಾಧಿ ಇರುವ ಚರ್ಚು. ಒಳಗೆ ಹೋದ ಕೂಡಲೇ ನೆಲದ ಮೇಲೆ ಒಂದು ಕೆಂಪು ಚಪ್ಪಡಿ ಕಲ್ಲಿದೆ. ಯೇಸುವಿನ ದೇಹಕ್ಕೆ ಸುಗಂಧ ಹಚ್ಚಿದ ಜಾಗ ಅದು ಅಂತ ನಂಬಿಕೆ. ಗೆಳತಿಯ ಅಮ್ಮ, ಅಂದರೆ ನಮ್ಮ ಆಂಟಿ, ಅಲ್ಲಿ ಮಂಡಿಯೂರಿ ಊರವರಿಗೆ ಹಂಚಲು ಕೊಂಡಿದ್ದ ಜಪಸರಗಳ ಕಟ್ಟನ್ನೇ ಹೊರತೆಗೆದರು. ಒಂದೊಂದನ್ನೂ ಕಲ್ಲಿಗೆ ಉಜ್ಜಿ ಮತ್ತೆ ಕವರಿಗೆ ಹಾಕಿದರು. ಪಕ್ಕದಲ್ಲಿ ಯಾವುದೋ ದೇಶದ ಹೆಂಗಸು ಸೀಸೆಯಿಂದ ಎಣ್ಣೆ ಸುರಿದು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದಳು. 1808ರಲ್ಲಿ ಬೆಂಕಿ ಬಿದ್ದ ಮೇಲೆ ಹಾಕಿದ ಕಲ್ಲು ಇದು ಅಂತ ಗೈಡ್ ಹೇಳಿದ. ಆಂಟಿ ಉಜ್ಜುವುದನ್ನು ನಿಲ್ಲಿಸಲೇ ಇಲ್ಲ. "ಕಲ್ಲು ಹೊಸತಾದ್ರೆ ಎಂತ? ಜಾಗ ಅದೇ ಅಲ್ವಾ?"

ಆ ಕಲ್ಲಿನ ಮೇಲೆ ತೂಗುವ ದೀಪಗಳಲ್ಲೂ ಪಾಲಿದೆ. ಗ್ರೀಕರದ್ದು, ಲ್ಯಾಟಿನರದ್ದು (ಅಂದರೆ ರೋಮನ್ ಕ್ಯಾಥೊಲಿಕರದ್ದು), ಅರ್ಮೇನಿಯನ್ನರದ್ದು, ಈಜಿಪ್ಟಿನ ಕ್ರೈಸ್ತರಾದ ಕಾಪ್ಟಿಕ್‌ನವರದ್ದು ಅಂತ. ಸಿರಿಯನ್ ಮತ್ತು ಇಥಿಯೋಪಿಯನ್ ಸನ್ಯಾಸಿಗಳನ್ನೂ ಸೇರಿಸಿದರೆ ಒಂದೇ ಚರ್ಚಿಗೆ ಆರು ಪಂಗಡ. ಜಗಳ ಬಗೆಹರಿಯದೆ ಬೇಸತ್ತ, ಆಗ ಊರನ್ನು ಆಳುತ್ತಿದ್ದ ತುರ್ಕಿಯ ಒಟ್ಟೋಮನ್ ಸುಲ್ತಾನ 1852ರಲ್ಲಿ ಒಂದು ಫರ್ಮಾನು ಹೊರಡಿಸಿದ. ಯಾರ ಕೈಯಲ್ಲಿ ಏನಿದೆಯೋ ಅದು ಹಾಗೇ ಇರಲಿ ಅಂತ. ಇವತ್ತಿಗೂ ಅಲ್ಲಿ ನಡೆಯುವುದು ಅದೇ. ಹಿಸ್ಸೆಯಾಗದೆ ಉಳಿದ ನಮ್ಮ ದೊಡ್ಡ ಮನೆಗಳ ಹಾಗೆ, ಜಗಲಿ ಗುಡಿಸಿದವನು ನಾಳೆ ಜಗಲಿ ನನ್ನದು ಅಂದಾನು ಎನ್ನುವ ಅನುಮಾನ. ಸುಮ್ನೆ ಹೇಳುತ್ತಿಲ್ಲ, 1901ರಲ್ಲಿ ಒಂದು ಮೆಟ್ಟಿಲನ್ನು ಯಾರು ಗುಡಿಸಬೇಕು ಅಂತಲೇ ಅಲ್ಲಿ ಹೊಡೆದಾಟ ಆಗಿದೆ.

ಹೊರಗೆ ನಿಂತು ಮೇಲೆ ನೋಡಿದರೆ ಬಾಗಿಲಿನ ಮೇಲಿನ ಸಜ್ಜಾದಲ್ಲಿ, ಕಿಟಕಿಗೆ ಒರಗಿಸಿದ ಒಂದು ಪುಟ್ಟ ಮರದ ಏಣಿ ಕಾಣುತ್ತದೆ. 18ನೇ ಶತಮಾನದ ಚಿತ್ರಗಳಲ್ಲೂ ಅಲ್ಲಿ ಏಣಿ ಇದೆ. ಅದರಿಂದ ಯಾವ ಉಪಯೋಗವೂ ಇಲ್ಲ. ಎಲ್ಲರೂ ಒಪ್ಪದೆ ಅದನ್ನು ತೆಗೆಯುವಂತಿಲ್ಲ, ಎಲ್ಲರೂ ಒಪ್ಪುವುದೂ ಇಲ್ಲ. ತಾರಸಿಯಲ್ಲಿ ಇಥಿಯೋಪಿಯನ್ ಸನ್ಯಾಸಿಗಳ ಪುಟ್ಟ ಪುಟ್ಟ ಕೋಣೆಗಳಿವೆ. 2002ರ ಬೇಸಿಗೆಯಲ್ಲಿ ಕಾಪ್ಟಿಕ್ ಸನ್ಯಾಸಿಯೊಬ್ಬರು ಬಿಸಿಲಿಗೆ ಅಂತ ಕುರ್ಚಿಯನ್ನು ನೆರಳಿಗೆ ಸರಿಸಿಕೊಂಡರು. ಅಷ್ಟಕ್ಕೇ ಗಲಾಟೆಯಾಗಿ 11 ಜನ ಆಸ್ಪತ್ರೆ ಸೇರಿದರು. ನಗು ಬರುತ್ತದೆ, ನಿಜ. ಆದರೆ ಅಲ್ಲಿ ಕುರ್ಚಿ ಇಟ್ಟ ಜಾಗವೂ ಹಕ್ಕಿನ ಗುರುತು.

ಸರಿ, ಇಂಥ ಮನೆಯ ಬೀಗದ ಕೈ ಯಾರ ಹತ್ತಿರ ಇರಬೇಕು? ಎರಡು ಮುಸ್ಲಿಂ ಕುಟುಂಬಗಳ ಹತ್ತಿರ. ಜೂದೆ ಮನೆತನದವರು ಬೀಗದ ಕೈ ಇಟ್ಟುಕೊಳ್ಳುತ್ತಾರೆ, ನುಸೈಬೆ ಮನೆತನದವರು ಬಾಗಿಲು ತೆಗೆಯುತ್ತಾರೆ, ಮುಚ್ಚುತ್ತಾರೆ. 12ನೇ ಶತಮಾನದಲ್ಲಿ ಜೆರುಸಲೇಮನ್ನು ಗೆದ್ದ ಸುಲ್ತಾನ ಸಲಾದಿನ್‌ನ ಕಾಲದಿಂದ ಹೀಗೇ ಬಂದಿದೆ ಅನ್ನುತ್ತಾರೆ. ನಾವು ಸಂಜೆ ಕಾದು ನಿಂತು ನೋಡಿದೆವು. ಒಳಗಿನವರನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಒಬ್ಬರು ಬೇರೊಂದು ಏಣಿ ಹತ್ತಿ ಮೇಲಿನ ಬೀಗ ಹಾಕಿದರು. ಆಮೇಲೆ ಬಾಗಿಲಲ್ಲಿರುವ ಕಿಂಡಿಯಿಂದ ಏಣಿಯನ್ನು ಒಳಗೆ ತೂರಿಸಿದರು. ಸನ್ಯಾಸಿಗಳು ರಾತ್ರಿಯೆಲ್ಲ ಒಳಗೇ ಇರುತ್ತಾರೆ. ಬೆಳಗಿನ ಜಾವ ಅವರು ಏಣಿಯನ್ನು ಹೊರಗೆ ಕೊಟ್ಟರೆ ಮಾತ್ರ ಬೀಗ ತೆಗೆಯಲು ಆಗುತ್ತದೆ. ಬೀಗದ ಕೈ ಹೊರಗಿನವರ ಹತ್ತಿರ, ಏಣಿ ಒಳಗಿನವರ ಹತ್ತಿರ. ಮೋಟಾರ್ ಹಾಕಿಸಿದರೆ ಎರಡು ನಿಮಿಷದ ಕೆಲಸ ಅಂತ ನಮ್ಮ ಗುಂಪಿನ ಎಂಜಿನಿಯರ್ ಅಂಕಲ್ ಗೊಣಗಿದರು. ಎರಡು ನಿಮಿಷದ್ದೇ, ಆದರೆ ಸ್ವಿಚ್ಚು ಯಾರ ಕೋಣೆಯಲ್ಲಿ ಅಂತ ಇನ್ನೂರು ವರ್ಷ ಜಗಳ ಆಗುತ್ತಿತ್ತು.

ಈ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. 1927ರ ಭೂಕಂಪದಲ್ಲಿ ಸಮಾಧಿಯ ಗುಡಿ ಬಿರುಕು ಬಿಟ್ಟಿತು. 1947ರಲ್ಲಿ ಬ್ರಿಟಿಷರು ಸುತ್ತ ಕಬ್ಬಿಣದ ತೊಲೆ ಕಟ್ಟಿ ಹೋದರು. ಸರಿಯಾದ ರಿಪೇರಿ ಶುರುವಾಗಲು 2016 ಬರಬೇಕಾಯಿತು. ಗುಡಿ ಕುಸಿದರೂ ಪರವಾಗಿಲ್ಲ, ಪಕ್ಕದವನು ಇಟ್ಟಿಗೆ ಇಡಬಾರದು ಎನ್ನುವ ಹಟವೂ ಇದರಲ್ಲೇ ಇದೆ.

ಯಹೂದಿಗಳು ಪ್ರಾರ್ಥನೆ ಮಾಡುವ ಪಶ್ಚಿಮ ಗೋಡೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಬರೆಯುವುದಿಲ್ಲ. ಹೆಂಗಸರ ಭಾಗ ಗಂಡಸರದ್ದಕ್ಕಿಂತ ಚಿಕ್ಕದು, ನೂಕುನುಗ್ಗಲು. ಗೋಡೆಯ ಮೇಲ್ಭಾಗದ ಆವರಣದಲ್ಲಿ ಅಲ್-ಅಕ್ಸಾ ಮಸೀದಿಯೂ 7ನೇ ಶತಮಾನದ ಚಿನ್ನದ ಗುಮ್ಮಟವೂ ಇವೆ. ಯಹೂದಿಗಳಿಗೆ ಅದು ಅವರ ಹಳೇ ದೇವಾಲಯ ಇದ್ದ ಜಾಗ. 1967ರಿಂದ ಒಳಗಿನ ಆಡಳಿತ ಜೋರ್ಡಾನಿನ ವಕ್ಫ್ ಕೈಯಲ್ಲಿ, ಭದ್ರತೆ ಇಸ್ರೇಲ್ ಪೊಲೀಸರ ಕೈಯಲ್ಲಿ. ಬೇರೆ ಧರ್ಮದವರು ನೋಡಬಹುದು, ಪ್ರಾರ್ಥನೆ ಮಾಡುವಂತಿಲ್ಲ. ಈಚೆಗೆ ಆ ನಿಯಮ ಸಡಿಲವಾಗುತ್ತಾ ಬಂದಿದೆ. ಅಲ್ಲಿ ಸಡಿಲವಾಗುವುದು ಕುರ್ಚಿ ಸರಿಸಿದಷ್ಟು ಸಣ್ಣ ಮಾತಲ್ಲ, ಊರಿಗೇ ಬೆಂಕಿ ಹತ್ತುತ್ತದೆ. 2000ದಲ್ಲಿ ಇಸ್ರೇಲಿನ ರಾಜಕಾರಣಿಯೊಬ್ಬರು ಅಲ್ಲಿಗೆ ಹೋದದ್ದರ ಹಿಂದೆಯೇ ವರ್ಷಗಟ್ಟಲೆ ರಕ್ತ ಹರಿಯಿತು.

ಇನ್ನು ಬರಲಾಗದವರು. ಬೆತ್ಲೆಹೆಮ್ ಅಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸು. ನಮ್ಮ ಬಸ್ಸು ತಪಾಸಣೆ ಮುಗಿಸಿ ಆರಾಮಾಗಿ ದಾಟಿತು. ಅಲ್ಲೇ ಹುಟ್ಟಿ ಬೆಳೆದ ಪ್ಯಾಲೆಸ್ತೀನಿಯರಿಗೆ, ಕ್ರೈಸ್ತರಿರಲಿ ಮುಸ್ಲಿಮರಿರಲಿ, ಜೆರುಸಲೇಮಿಗೆ ಬರಲು ಪರ್ಮಿಟ್ ಬೇಕು. ಬೆಂಗಳೂರಿನಿಂದ ಹೋದ, ದೇವರ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳದ ನನಗೆ ಅಲ್ಲಿ ಸುಲಭ ಪ್ರವೇಶ. ಇದನ್ನು ಬಿಟ್ಟು "ಎಲ್ಲರ ಪುಣ್ಯಕ್ಷೇತ್ರ" ಅಂತ ಫೋಟೊ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮುಂದೆ ಯಾವಾಗಲಾದರೂ ಹೋಗುವವರಿಗೆ ಒಂದು ಮಾತು. ಹೆರೋದ್ ಗೇಟಿನ ಹತ್ತಿರ ಒಂದು ಭಾರತೀಯ ಛತ್ರವಿದೆ. ಪಂಜಾಬಿನ ಸೂಫಿ ಬಾಬಾ ಫರೀದ್ ಸುಮಾರು 800 ವರ್ಷಗಳ ಹಿಂದೆ ಅಲ್ಲಿ ತಂಗಿದ್ದರು ಅಂತ ಪ್ರತೀತಿ. ಎರಡನೇ ಮಹಾಯುದ್ಧದಲ್ಲಿ ಭಾರತದ ಸೈನಿಕರೂ ಅಲ್ಲಿ ದಣಿವಾರಿಸಿಕೊಂಡಿದ್ದಾರೆ. 1924ರಲ್ಲಿ ಸಹಾರನ್‌ಪುರದಿಂದ ಹೋದ ಅನ್ಸಾರಿ ಮನೆತನದವರು ಅದನ್ನು ನೋಡಿಕೊಳ್ಳುತ್ತಾ ಬಂದಿದ್ದಾರೆ. ಯಾತ್ರೆಯ ಪ್ಯಾಕೇಜಿನಲ್ಲಿ ಅದು ಇರುವುದಿಲ್ಲ, ನೀವೇ ಕೇಳಿಕೊಂಡು ಹೋಗಬೇಕು. ಅದು ಒಂದು ಸಂಸಾರದ ಮನೆಯೂ ಹೌದು, ಹಾಗಾಗಿ ಮೊದಲೇ ತಿಳಿಸಿ ಹೋಗಿ.