ರ್‍ಯಾಂಪ್ ಇದೆ, ಹತ್ತೋದು ನಿಮ್ಮ ಹಣೆಬರಹ

ನಮ್ಮ ಸರ್ಕಾರಿ ಕಚೇರಿಗಳಲ್ಲಿ ವಿಕಲಚೇತನರಿಗೆ ಏನೂ ಮಾಡಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರ್‍ಯಾಂಪ್ ಕಟ್ಟಿದ್ದಾರೆ. ಫೋಟೊ ಇದೆ, ಬಿಲ್ ಇದೆ, ಬಿಲ್ ಪಾಸೂ ಆಗಿದೆ. ಇನ್ನು ಹತ್ತೋದು ಅವರವರ ಹಣೆಬರಹ.

ಲೆಕ್ಕ ಹೇಳ್ತೀನಿ ಕೇಳಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಮೂರು ಮೆಟ್ಟಿಲು ಅಂದರೆ ಹತ್ತಿರ ಹತ್ತಿರ ಒಂದೂವರೆ ಅಡಿ, ಅಲ್ಲಿಗೆ 18 ಅಡಿ. ಅಷ್ಟು ಜಾಗ ಇದಕ್ಕೇ ಬಿಟ್ಟರೆ ಸಾಹೇಬರ ಜೀಪು ಎಲ್ಲಿ ನಿಲ್ಲಬೇಕು? ಹಾಗಾಗಿ ಮೇಸ್ತ್ರಿ ನಾಲ್ಕೇ ಅಡಿಯಲ್ಲಿ ಮುಗಿಸಿಬಿಡುತ್ತಾನೆ. ಮೇಲೆ ಫಳಫಳ ಹೊಳೆಯುವ ಗ್ರಾನೈಟ್ ಬೇರೆ. ಮಳೆ ಬಂದ ದಿನ ಗಾಲಿಕುರ್ಚಿ ಹಾಗಿರಲಿ, ಅಟೆಂಡರ್ ಕೂಡ ಅದರ ಮೇಲೆ ಕಾಲಿಡಲ್ಲ. ಇಳಿಯುವವರಿಗೆ ಮಾತ್ರ ತುಂಬಾ ಅನುಕೂಲ, ಸೀದಾ ಮೇನ್ ರೋಡಿಗೇ ಹೋಗಿ ತಲುಪಬಹುದು.

ಹಾಗಂತ ಅದರಿಂದ ಉಪಯೋಗವೇ ಇಲ್ಲ ಅನ್ನೋ ಹಾಗಿಲ್ಲ. ಸಿಬ್ಬಂದಿಯ ಸ್ಕೂಟರ್‌ಗಳು ನೆರಳಿಗೆ ಬರೋದು ಅದರ ಮೇಲೇ. ನೀರಿನ ಕ್ಯಾನ್, ಬೀರು, ಹಳೇ ಫೈಲಿನ ಮೂಟೆ ಎಲ್ಲಾ ಅದರ ಮೇಲೇ ಹತ್ತುತ್ತವೆ.

ಕಾನೂನು ಇಲ್ಲವಾ ಅಂತ ಕೇಳಬಹುದು. ಧಾರಾಳವಾಗಿದೆ. 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು, 2017ರ ಜೂನ್‌ನಲ್ಲಿ ನಿಯಮ ಬಂತು. ಹಳೇ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಸರಿಮಾಡಿ ಅಂದರು. 2022ಕ್ಕೆ ಗಡುವು ಮುಗೀತು. ಕಟ್ಟಡಗಳಿಗೆ ಈ ವಿಷಯ ಯಾರೂ ತಿಳಿಸಿದಂತಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ರಾಜೀವ್ ರತೂರಿ ಅನ್ನೋರು ಹೂಡಿದ್ದ ಪ್ರಕರಣದಲ್ಲಿ, ನಿಮ್ಮ ನಿಯಮ ಬರೀ ಸಲಹೆ ಕೊಟ್ಟ ಹಾಗಿದೆ, ಮೂರು ತಿಂಗಳಲ್ಲಿ ಕಡ್ಡಾಯ ಮಾಡಿ ಅಂತ ಹೇಳಬೇಕಾಯಿತು.

2023ರಲ್ಲಿ ಮುಂಬೈನಲ್ಲಿ ಗಾಲಿಕುರ್ಚಿ ಬಳಸುವ ಮದುಮಗಳೊಬ್ಬರನ್ನು ಎರಡನೇ ಮಹಡಿಯ ವಿವಾಹ ನೋಂದಣಿ ಕಚೇರಿಗೆ ಹೊತ್ತುಕೊಂಡೇ ಹೋಗಬೇಕಾಯಿತು. ಲಿಫ್ಟ್ ಇರಲಿಲ್ಲ. ಅಧಿಕಾರಿಗಳು ಕೆಳಗೆ ಇಳಿದು ಬರಲಿಲ್ಲ. ಪಾಪ, ಎರಡು ಮಹಡಿ ಇಳಿಯೋದು ಅಂದರೆ ಸುಮ್ನೇನಾ?

ಇನ್ನು ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನ. ಪ್ರತಿ ಊರಲ್ಲೂ ಇದೇ ನಾಟಕ. ವೇದಿಕೆಗೆ ಐದು ಮೆಟ್ಟಿಲು. ಸನ್ಮಾನ ಮೇಲೆ, ಸನ್ಮಾನಿತರು ಕೆಳಗೆ. ಯಾರೂ ಗಾಬರಿಯಾಗಲ್ಲ, ನಾಲ್ಕು ಜನ ಹುಡುಗರು ಕುರ್ಚಿ ಸಮೇತ ಎತ್ತಿಬಿಡುತ್ತಾರೆ. ಸೀರೆಯ ನೆರಿಗೆ ಹಿಡಿದುಕೊಳ್ಳಬೇಕಾ, ಕುರ್ಚಿಯ ಕೈ ಹಿಡಿದುಕೊಳ್ಳಬೇಕಾ ಅಂತ ಗೊತ್ತಾಗದೆ ಸನ್ಮಾನಕ್ಕೆ ಬಂದ ಮಹಿಳೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ಶಾಲು, ಪೇಟ, ಹಣ್ಣಿನ ಬುಟ್ಟಿ. ನಿರೂಪಕರು ಮೈಕ್ ಹಿಡಿದು ಆಕೆಯ ತಮ್ಮನನ್ನು ಮೆಲ್ಲಗೆ ಕೇಳುತ್ತಾರೆ, “ಅಕ್ಕ ಮಾತಾಡ್ತಾರಾ?” ಅಕ್ಕ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡೋರು. ದಿನಕ್ಕೆ ನಾಲ್ಕು ಗಂಟೆ ಮಾತಾಡಿಯೇ ಸಂಬಳ ತಗೊಳ್ಳೋರು.

ಆಮೇಲೆ ಮುಖ್ಯ ಅತಿಥಿಗಳ ಭಾಷಣ. ಇವರು ದೇವರ ಮಕ್ಕಳು, ಇವರನ್ನು ನೋಡಿ ನಾವು ಕಲಿಯೋದು ಬಹಳಷ್ಟಿದೆ ಅಂತ ಮುಕ್ಕಾಲು ಗಂಟೆ. ದೇವರ ಮಕ್ಕಳು ಅಂದಮೇಲೆ ಲಿಫ್ಟ್ ಹಾಕಿಸೋದು ದೇವರ ಇಲಾಖೆಗೇ ಬರುತ್ತೆ, ಅಲ್ವಾ?

ಅಷ್ಟು ಹೊತ್ತು ಕೂತ ಮೇಲೆ ಶೌಚಾಲಯ ಬೇಕಲ್ಲ. ಅದೂ ಇದೆ. ಅಗಲವಾದ ಬಾಗಿಲು, ಗೋಡೆಗೆ ಹಿಡಿಕೆ, ಬಾಗಿಲ ಮೇಲೆ ಗಾಲಿಕುರ್ಚಿಯ ನೀಲಿ ಚಿತ್ರ. ಜೊತೆಗೆ ಕೈಯಗಲದ ಬೀಗ. ಕೇಳಿದರೆ ವಾಚ್‌ಮನ್ ಹೆಮ್ಮೆಯಿಂದಲೇ ಹೇಳುತ್ತಾನೆ: “ಯಾರೂ ಗಲೀಜು ಮಾಡಬಾರದು ಅಂತ ಬೀಗ ಹಾಕಿದೀವಿ ಸಾರ್. ಕಟ್ಟಿ ಮೂರು ವರ್ಷ ಆಯ್ತು, ನೋಡಿ, ಹೊಸದರ ಥರಾನೇ ಇದೆ.”