ಮುಟ್ಟಿನ ಮುಂಚಿನ ಆತಂಕ: ರಕ್ತಪರೀಕ್ಷೆಯಲ್ಲಿ ಸಿಗುವುದಿಲ್ಲ

ಹಾಸನದ ನಮ್ಮ ಮಹಿಳಾ ಗುಂಪಿನ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಮುಟ್ಟಿಗೆ ಮುಂಚೆ ಭಯ, ಸಿಟ್ಟು ಜಾಸ್ತಿಯೇ? ಹಾರ್ಮೋನ್ ಟೆಸ್ಟ್ ಮಾಡಿಸಿ. ನಾರ್ಮಲ್ ಬಂದರೆ ಅದು ಸುಮ್ನೆ ಮನಸ್ಸಿನ ಭ್ರಮೆ.' ಇದು ತಪ್ಪು.

ಈ ತೊಂದರೆ ತೀವ್ರವಾದಾಗ ಅದಕ್ಕೆ ಪಿಎಂಡಿಡಿ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಸೇರಿಸಿದೆ. ಇದಿರುವವರ ಹಾರ್ಮೋನ್ ಮಟ್ಟ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆ ಹಾರ್ಮೋನುಗಳ ಏರಿಳಿತಕ್ಕೆ ಮಿದುಳು ಅತಿಯಾಗಿ ಸ್ಪಂದಿಸುವುದೇ ತೊಂದರೆ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದಿತೆಂದು ಯಾರನ್ನೂ ಸುಳ್ಳುಗಾರ್ತಿ ಮಾಡಬೇಡಿ. ಆ ಮಾತು ಎಷ್ಟು ನೋಯಿಸುತ್ತದೆ ಗೊತ್ತಾ?

ಹಾಗಾದರೆ ಗೊತ್ತಾಗುವುದು ಹೇಗೆ? ಕ್ಯಾಲೆಂಡರಿನಿಂದ. ಕನಿಷ್ಠ ಎರಡು ತಿಂಗಳು, ಪ್ರತಿದಿನ ಮನಸ್ಸು ಹೇಗಿತ್ತು ಎಂದು ಬರೆದಿಡಿ. ಮುಟ್ಟಿಗೆ ಒಂದು ವಾರ ಮುಂಚೆ ಕಾಟ ಜೋರಾಗಿ, ಮುಟ್ಟು ಶುರುವಾದ ಕೆಲವೇ ದಿನಗಳಲ್ಲಿ ಇಳಿದುಹೋದರೆ ಪಿಎಂಡಿಡಿ ಇರಬಹುದು. ತಿಂಗಳಿಡೀ ಆತಂಕ ಇದ್ದು ಆ ವಾರದಲ್ಲಿ ಮಾತ್ರ ಹೆಚ್ಚಾಗುತ್ತದೆಯೇ? ಆಗ ಮೊದಲೇ ಇರುವ ಆತಂಕದ ಕಾಯಿಲೆ ಮುಟ್ಟಿನ ಹೊತ್ತಿಗೆ ಉಲ್ಬಣಿಸುತ್ತಿರಬಹುದು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಚಿಕಿತ್ಸೆಯ ದಾರಿ ಬೇರೆಯಾಗಬಹುದು, ಅದಕ್ಕೇ ಆ ಬರಹ ಬೇಕು.

ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಪಿಎಂಡಿಡಿಗೆ ಕೆಲವೇ ದಿನಗಳಲ್ಲಿ ಕೆಲಸ ಮಾಡುತ್ತವೆ. ಕೆಲವರಿಗೆ ಮುಟ್ಟಿನ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಂಡರೆ ಸಾಕಾಗುತ್ತದೆ. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಈಗಲೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.